ಓದುಗರ ಪ್ರಶ್ನೆ, ಮರಗೆಲಸದ ಮಾಸ್ತರರ ಉತ್ತರ

ಉಡುಪಿಯ ದಕ್ಷಿಣಕ್ಕಿರುವ ಸಣ್ಣ ಪೇಟೆಯೊಂದರ ಪ್ರೌಢಶಾಲೆಯಲ್ಲಿ 31 ವರ್ಷ ವೃತ್ತಿ ಶಿಕ್ಷಕರಾಗಿ ಮರಗೆಲಸ ಕಲಿಸಿ ನಿವೃತ್ತರಾದವರು, ಈಗ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಅದೇ ಕೆಲಸವನ್ನು ಮುಂದುವರಿಸಿದ್ದಾರೆ. ಓದುಗರು ಅವರಿಗೆ ಕಳುಹಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಆಯ್ದು ಅವರ ಉತ್ತರಗಳೊಂದಿಗೆ ಇಲ್ಲಿ ಕೊಡಲಾಗಿದೆ.

ಪ್ರಶ್ನೆ: ನಾನು ಬ್ರಹ್ಮಾವರ ಕಡೆಯ ಹಿರಿಯ ಪ್ರಾಥಮಿಕ ಶಾಲೆಯೊಂದರ ಶಿಕ್ಷಕಿ. ಬ್ಯಾಗಿಲ್ಲದ ದಿನಗಳಲ್ಲಿ ನಮ್ಮ ಮಕ್ಕಳಿಗೆ ಮರಗೆಲಸದ ಪರಿಚಯ ಮಾಡಿಸಬೇಕೆಂದಿದ್ದೇನೆ. ಊರಿನ ಆಚಾರ್ಯರೊಬ್ಬರು, ಅಂದರೆ ಮರಗೆಲಸದವರೊಬ್ಬರು, ಬರಲು ಒಪ್ಪಿದ್ದಾರೆ. ಎಲ್ಲಿಂದ ಆರಂಭಿಸುವುದು? ಮಕ್ಕಳ ಕೈಗೆ ಉಳಿ ಕೊಡಲು ನಿಜವಾಗಿಯೂ ಭಯವಾಗುತ್ತದೆ.

ಉತ್ತರ: ನಿಮ್ಮ ಪತ್ರ ಓದಿ ನನಗಾದ ಸಂತೋಷವನ್ನು ಮೊದಲು ಹೇಳಿಬಿಡುತ್ತೇನೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರರಿಂದ ಎಂಟನೆಯ ತರಗತಿಯ ಮಕ್ಕಳು ಹತ್ತು ದಿನ ಬ್ಯಾಗಿಲ್ಲದೆ ಊರಿನ ಕುಶಲಕರ್ಮಿಗಳ ಬಳಿ ಕಲಿಯಬೇಕೆಂದು ಹೇಳುವಾಗ, ಆ ಪಟ್ಟಿಯಲ್ಲಿ ಬಡಗಿಯ ಹೆಸರನ್ನೇ ಮೊದಲು ಬರೆದಿದೆ. ಕಾಗದದ ಮೇಲಿನ ಆ ಮಾತನ್ನು ತರಗತಿಯವರೆಗೆ ತರುವ ಶಿಕ್ಷಕರು ಬೇಕಾಗಿದ್ದರು.

ಆರಂಭವನ್ನು ವಸ್ತುವಿನಿಂದ ಮಾಡಬೇಡಿ, ಗೆರೆಯಿಂದ ಮಾಡಿ. ನಾನು ಪ್ರತಿವರ್ಷ ಜೂನಿನಲ್ಲಿ ಹೊಸ ಮಕ್ಕಳಿಗೆ ಒಂದೊಂದು ಅಡಿ ಉದ್ದದ ಹಲಸಿನ ಚೌಕ ತುಂಡು, ಮೂಲೆ ನೇರವಾಗಿದೆಯೇ ಎಂದು ನೋಡುವ ಒಂದು ಮೂಲೆಮಟ್ಟ ಮತ್ತು ಚೂಪಾದ ಪೆನ್ಸಿಲ್ ಕೊಟ್ಟು, ತುಂಡಿನ ನಾಲ್ಕೂ ಮುಖಗಳ ಮೇಲೆ ಸುತ್ತಲೂ ಒಂದೇ ಗೆರೆ ಎಳೆದು, ಹೊರಟ ಜಾಗಕ್ಕೇ ತಂದು ಸೇರಿಸಲು ಹೇಳುತ್ತಿದ್ದೆ. ಕೇಳಲು ಸುಲಭವಾದ ಈ ಕೆಲಸ ಮೊದಲ ದಿನ ಬಹುತೇಕ ಯಾರಿಗೂ ಆಗುತ್ತಿರಲಿಲ್ಲ. ಗೆರೆಯ ತುದಿಗಳು ಒಂದು ನೂಲಿನಷ್ಟು, ಕೆಲವೊಮ್ಮೆ ಎರಡು ನೂಲಿನಷ್ಟು ತಪ್ಪಿ ನಿಲ್ಲುತ್ತಿದ್ದವು. ಆಗ ಮಗು ತಾನಾಗಿಯೇ ಕೇಳುತ್ತದೆ: ತುಂಡು ಸೊಟ್ಟಗಿದೆಯೇ, ನನ್ನ ಕೈ ತಪ್ಪಿತೇ? ಅದನ್ನು ಪತ್ತೆ ಹಚ್ಚುವ ದಾರಿ ತೋರಿಸಿದರೆ ಸಾಕು, ಉತ್ತರವನ್ನು ನಾವು ಹೇಳಬೇಕಾಗಿಲ್ಲ. ಇತರ ಪಾಠಗಳಲ್ಲಿ ತಪ್ಪನ್ನು ಗುರುತಿಸುವುದು ಶಿಕ್ಷಕರ ಕೆಂಪು ಶಾಯಿ. ಇಲ್ಲಿ ತಪ್ಪು ಮಗುವಿನ ಕಣ್ಣಿಗೇ ಕಾಣುತ್ತದೆ, ಬೆರಳಿಗೂ ಸಿಗುತ್ತದೆ. ಈ ಒಂದು ಕಾರಣಕ್ಕಾಗಿಯೇ ಮರಗೆಲಸ ಶಾಲೆಯಲ್ಲಿ ಇರಬೇಕೆಂದು ನಾನು ನಂಬಿದ್ದೇನೆ.

ಇನ್ನು ಉಳಿಯ ವಿಷಯ. ಭಯಪಡಬೇಕಾದದ್ದು ಮೊಂಡು ಉಳಿಗೆ. ಮೊಂಡಾದ ಉಳಿ ಮರವನ್ನು ಕತ್ತರಿಸುವುದಿಲ್ಲವಾದ್ದರಿಂದ ಮಗು ಮೈಭಾರವನ್ನೆಲ್ಲ ಹಾಕಿ ಒತ್ತುತ್ತದೆ, ಆಗ ಅದು ಜಾರಿ ಕೈಗೆ ತಗಲುತ್ತದೆ. ಆದ್ದರಿಂದ ಒಂದು ಇಡೀ ದಿನವನ್ನು ಸಾಣೆ ಹಿಡಿಯುವುದಕ್ಕೇ ಮೀಸಲಿಡಿ. ಉಳಿಯ ಇಳಿಜಾರನ್ನು ಸುಮಾರು 25 ಡಿಗ್ರಿಗೆ ಅರೆದು, ತುದಿಯ ಅಂಚನ್ನು ಮಾತ್ರ 30 ಡಿಗ್ರಿಗೆ ಎತ್ತಿ ನಯವಾದ ಕಲ್ಲಿನ ಮೇಲೆ ಉಜ್ಜಬೇಕು, ಬೆನ್ನಿನ ಭಾಗ ಕನ್ನಡಿಯಂತೆ ಸಮತಟ್ಟಾಗಿರಬೇಕು. ಹದವಾದ ಉಳಿ ಮೆದು ಮರದ ಕಡಿದ ತುದಿಯನ್ನು ಪುಡಿ ಮಾಡದೆ ನುಣ್ಣಗೆ ಸೀಳುತ್ತದೆ. ಆ ಹೊಳಪನ್ನು ಒಮ್ಮೆ ನೋಡಿದ ಮಗು ಮುಂದೆ ಮೊಂಡು ಉಳಿಯನ್ನು ತಾನೇ ಪಕ್ಕಕ್ಕಿಡುತ್ತದೆ. ತುಂಡನ್ನು ಕೈಯಲ್ಲಿ ಹಿಡಿದು ಕೆತ್ತುವುದು ಬೇಡವೇ ಬೇಡ, ಅದು ಬೆಂಚಿಗೆ ಬಿಗಿದು ಹಿಡಿಯುವ ವೈಸಿನಲ್ಲೇ ಇರಲಿ. ಎರಡೂ ಕೈಗಳು ಯಾವಾಗಲೂ ಉಳಿಯ ಬಾಯಿಯ ಹಿಂದೆ ಇರಲಿ. ಒಂದು ಸಲಕ್ಕೆ ಆರೇಳು ಮಕ್ಕಳಿಗಿಂತ ಹೆಚ್ಚು ಬೇಡ. ಉಜ್ಜುಕಾಗದ ಹಿಡಿಯುವ ದಿನ ಮೂಗಿಗೆ ಬಟ್ಟೆ ಕಟ್ಟಿಸಿ, ಬಾಗಿಲು ಕಿಟಕಿ ತೆರೆದಿಡಿ. ಮರದ ಹುಡಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಕ್ಯಾನ್ಸರ್ ತರಬಲ್ಲ ವಸ್ತುಗಳ ಸಾಲಿನಲ್ಲಿ ಸೇರಿಸಿದೆ, ಇದನ್ನು ಆಚಾರ್ಯರಿಗೂ ವಿನಯದಿಂದ ತಿಳಿಸಿ.

ಹತ್ತು ದಿನಗಳ ಕೊನೆಗೆ ಪ್ರತಿ ಮಗುವೂ ಎರಡು ಅಡ್ಡಪಟ್ಟಿಗಳ ಮೇಲೆ ಕೂರುವ ಒಂದು ಸಣ್ಣ ಮಣೆ ಮಾಡಿಕೊಂಡು ಹೋದರೆ ಸಾಕು. ಒಂದು ಬಿನ್ನಹ ಮಾತ್ರ ಇದೆ. ನುರಿತ ಕೈಗೆ ಮಗುವಿನ ಸೊಟ್ಟ ಕೆಲಸವನ್ನು ಕಂಡಾಗ ಸುಮ್ಮನಿರಲು ಆಗುವುದಿಲ್ಲ. ಆಚಾರ್ಯರು ಪ್ರೀತಿಯಿಂದಲೇ ತೆಗೆದುಕೊಂಡು ಎರಡು ನಿಮಿಷದಲ್ಲಿ ಸರಿಮಾಡಿ ಕೊಟ್ಟುಬಿಡುತ್ತಾರೆ. ನಾನೂ ಮೊದಲ ಹತ್ತು ವರ್ಷ ಹೀಗೇ ಮಾಡಿ, ಎಷ್ಟೋ ಮಕ್ಕಳ ಕಲಿಕೆಯನ್ನು ನನ್ನ ಕೈಯಾರೆ ಕಿತ್ತುಕೊಂಡಿದ್ದೇನೆ. ಮಣೆ ಹೇಗಿದೆಯೋ ಹಾಗೆಯೇ ಇರಲಿ, ಅಡಿಭಾಗದಲ್ಲಿ ಮಗುವೇ ತನ್ನ ಹೆಸರು ಮತ್ತು ತಾರೀಕು ಬರೆಯಲಿ.

ಪ್ರಶ್ನೆ: ನಾವು ಓದುತ್ತಿದ್ದ ಕಾಲದಲ್ಲಿ ನಮ್ಮ ಶಾಲೆಯಲ್ಲಿ ಕ್ರಾಫ್ಟ್ ಪೀರಿಯಡ್ ಇತ್ತು, ಈಗ ಅದೇ ಶಾಲೆಯಲ್ಲಿ ಆ ಕೋಣೆಯೇ ಇಲ್ಲ. ಈ ವಿಷಯ ಶಾಲೆಗೆ ಬಂದದ್ದಾದರೂ ಹೇಗೆ, ಹೋದದ್ದು ಏಕೆ? (ಓದುಗರು, ಮಂಗಳೂರು)

ಉತ್ತರ: ಕೈಕೆಲಸವನ್ನು ಉದ್ಯೋಗಕ್ಕಾಗಿ ಅಲ್ಲದೆ ಶಿಕ್ಷಣಕ್ಕಾಗಿಯೇ ಶಾಲೆಗೆ ತಂದ ದೇಶ ಫಿನ್ಲೆಂಡ್, ಅಲ್ಲಿ ಉನೊ ಸಿಗ್ನೇಯಸ್ ಅವರ ಪ್ರಯತ್ನದಿಂದ 1866ರಲ್ಲಿ ಅದು ಶಾಲಾ ವಿಷಯವಾಯಿತು. ಸ್ವೀಡನ್ನಿನ ಒಟ್ಟೊ ಸಾಲೊಮನ್ ಅವರು ಅದನ್ನು ಕಲಿಸುವ ಶಿಕ್ಷಕರಿಗೆ ತರಬೇತಿ ಕೊಟ್ಟು ಹಲವು ದೇಶಗಳಿಗೆ ಹಬ್ಬಿಸಿದರು. ನಮ್ಮಲ್ಲಿ ಗಾಂಧೀಜಿ 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಸೇರಿಸಿದ ಸಮ್ಮೇಳನವು ಒಂದು ಹೆಜ್ಜೆ ಮುಂದೆ ಹೋಗಿ, ಕೈಕೆಲಸ ಒಂದು ವಿಷಯವಾಗಿ ಉಳಿಯದೆ ಉಳಿದ ವಿಷಯಗಳೆಲ್ಲ ಅದರ ಸುತ್ತ ಹೆಣೆದುಕೊಳ್ಳಬೇಕೆಂದಿತು. ಅದರ ಪಾಠಕ್ರಮ ರೂಪಿಸಿದ ಸಮಿತಿಗೆ ಜಾಕಿರ್ ಹುಸೇನ್ ಅಧ್ಯಕ್ಷರಾಗಿದ್ದರು. ಮುಂದೆ 1964–66ರ ಕೊಠಾರಿ ಆಯೋಗ ಇದನ್ನು ಕಾರ್ಯಾನುಭವವೆಂದು ಕರೆಯಿತು, 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಸಮಾಜೋಪಯೋಗಿ ಉತ್ಪಾದಕ ಕಾರ್ಯವೆಂದಿತು. ಹೆಸರು ಬದಲಾದಂತೆಲ್ಲ ವೇಳಾಪಟ್ಟಿಯಲ್ಲಿ ಅದರ ಜಾಗ ಕಿರಿದಾಗುತ್ತ ಬಂತು ಎಂಬುದು ನಾನು ಕಂಡ ಸತ್ಯ.

ಹೋದದ್ದು ಏಕೆಂದರೆ, ನನ್ನ ಅನುಭವದ ಮಟ್ಟಿಗೆ, ಒಟ್ಟು ಅಂಕಕ್ಕೆ ಸೇರದ ಪಾಠವನ್ನು ಕಾಯುವವರು ಯಾರೂ ಇರಲಿಲ್ಲ. ಮೊದಲು ಹತ್ತನೆಯ ತರಗತಿಯ ಪೀರಿಯಡ್ಡು ಗಣಿತದ ವಿಶೇಷ ತರಗತಿಗೆ ಹೋಯಿತು, ಆಮೇಲೆ ಒಂಬತ್ತನೆಯದು. ಕೊನೆಗೆ ನಾನು ಸೇವೆಯಲ್ಲಿರುವಾಗಲೇ ಕೋಣೆಯನ್ನು ಬೇರೊಂದು ಕೆಲಸಕ್ಕೆ ಬಿಟ್ಟುಕೊಡಬೇಕಾಯಿತು, ಎಂಟು ಬೆಂಚುಗಳನ್ನು ಜಗಲಿಗೆ ಹೊರಿಸಿದರು. ಅದು ಜುಲೈ ತಿಂಗಳು. ಇಪ್ಪತ್ತು ವರ್ಷ ಮಕ್ಕಳ ಮೊಣಕೈ ಉಜ್ಜಿ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿದ್ದ ಮತ್ತಿ ಮರದ ಹಲಗೆಗಳು ಎರಚಲು ಮಳೆಗೆ ನೆನೆದು ಬಿರುಕು ಬಿಟ್ಟದ್ದನ್ನು ನೋಡುತ್ತ ದಿನವೂ ಅದೇ ಜಗಲಿಯಲ್ಲಿ ನಡೆದು ಹೋಗುತ್ತಿದ್ದೆ. ಟಾರ್ಪಾಲಿಗಾಗಿ ಎರಡು ಸಲ ಬರೆದುಕೊಟ್ಟೆ, ಮೂರನೆಯ ಸಲ ನಾನೇ ಕೊಂಡು ತಂದು ಹೊದಿಸಿದೆ, ಅಷ್ಟರಲ್ಲಿ ತಡವಾಗಿತ್ತು. ಮುಂದೆ ಹಳೆಯ ಸಾಮಾನುಗಳನ್ನು ಹರಾಜು ಹಾಕಿದಾಗ ಒಂದು ಬೆಂಚನ್ನು ನಾನು ಕೊಂಡೆ. ಈ ಉತ್ತರಗಳನ್ನು ಅದರ ಮೇಲೆಯೇ ಬರೆಯುತ್ತಿದ್ದೇನೆ. ಯಾರ ಮೇಲೂ ಸಿಟ್ಟಿಲ್ಲ, ಆದರೆ ದುಃಖವಿದೆ, ಅದನ್ನು ಮುಚ್ಚಿಡಬೇಕೆಂದು ನನಗೆ ಅನಿಸುವುದಿಲ್ಲ.

ಪ್ರಶ್ನೆ: ನನ್ನ ಮಗ ಒಂಬತ್ತನೆಯ ತರಗತಿಯಲ್ಲಿದ್ದಾನೆ. ಓದಿನಲ್ಲಿ ಹಿಂದೆ, ಆದರೆ ಸಂಜೆಯಾದರೆ ಪಕ್ಕದ ಮರದ ಕೆಲಸದ ಶೆಡ್ಡಿನಲ್ಲೇ ಇರುತ್ತಾನೆ. ಅದನ್ನೇ ಕಲಿಯುತ್ತೇನೆನ್ನುತ್ತಾನೆ. ಅವನ ತಂದೆಗೆ ಇಷ್ಟವಿಲ್ಲ. ಇದರಿಂದ ಬದುಕು ಸಾಗುತ್ತದೆಯೇ ಮಾಸ್ತರರೇ? (ತಾಯಿ, ಕಾರ್ಕಳ)

ಉತ್ತರ: ಅಮ್ಮಾ, ನಿಮ್ಮ ಯಜಮಾನರ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಇದು ಸೊಂಟ ಮತ್ತು ಮೊಣಕಾಲನ್ನು ದುಡಿಸಿಕೊಳ್ಳುವ ಕೆಲಸ, ಒಂದು ತಿಂಗಳು ಬಿಡುವಿಲ್ಲದೆ ಬಂದು ಮಳೆಗಾಲದಲ್ಲಿ ಕಡಿಮೆಯಾಗುವ ಕೆಲಸ. ಆದರೆ ಮಾಡಬಲ್ಲವನಿಗೆ ಉಡುಪಿ, ದಕ್ಷಿಣ ಕನ್ನಡ ಈ ಎರಡು ಜಿಲ್ಲೆಗಳಲ್ಲಿ ಕೆಲಸ ಸಿಗದ ಕಾಲವನ್ನು ನಾನು ಕಂಡಿಲ್ಲ. ಕೆಲಸದ ಸ್ವರೂಪ ಬದಲಾಗಿದೆ, ಅಷ್ಟೇ. ನನ್ನ ಎಳವೆಯಲ್ಲಿ ಆಚಾರ್ಯರೆಂದರೆ ಹಂಚಿನ ಮಾಡನ್ನು ಹೊರುವ ಪಕ್ಕಾಸು ಮತ್ತು ರೀಪು ಪಟ್ಟಿಗಳು, ದಾರಂದ ಎಂಬ ಬಾಗಿಲ ಚೌಕಟ್ಟು, ಬಾಗಿಲು. ಈಗ ಬಹುಪಾಲು ಪ್ಲೈವುಡ್ಡಿನ ಅಡುಗೆಮನೆ ಮತ್ತು ಕಪಾಟು. ಇವೆರಡನ್ನೂ ಬಲ್ಲವನಿಗೆ, ಅಂದರೆ ಯಂತ್ರದಲ್ಲಿ ಹಲಗೆ ಕತ್ತರಿಸಲೂ ಗೊತ್ತಿದ್ದು ಹಳೆಯ ಮನೆಯ ತೊಲೆಯ ಜೋಡಣೆ ಬಿಚ್ಚಿ ಕೂಡಿಸಲೂ ಗೊತ್ತಿರುವವನಿಗೆ, ಬೆಲೆ ಹೆಚ್ಚು.

ಅವನು ಹತ್ತನೆಯ ತರಗತಿಯನ್ನು ಮುಗಿಸಲೇಬೇಕು. ಐಟಿಐಗಳಲ್ಲಿ ಕೆಲವು ವೃತ್ತಿಗಳಿಗೆ ಎಂಟನೆಯ ತರಗತಿ ಸಾಕಾದರೂ, ಎಸ್ಸೆಸ್ಸೆಲ್ಸಿ ಇದ್ದರೆ ಮುಂದಿನ ಬಾಗಿಲುಗಳು ತೆರೆದಿರುತ್ತವೆ. ಕೆತ್ತನೆಯ ಕಡೆಗೆ ಒಲವಿದ್ದರೆ ನಿಮ್ಮ ಊರಿನ ಹತ್ತಿರವೇ ಮಿಯಾರಿನಲ್ಲಿ ಕೆನರಾ ಬ್ಯಾಂಕಿನ ಆಶ್ರಯದಲ್ಲಿ ನಡೆಯುವ, ಸಿ. ಇ. ಕಾಮತ್ ಅವರ ಹೆಸರಿನ ಕುಶಲಕರ್ಮಿಗಳ ತರಬೇತಿ ಸಂಸ್ಥೆಯಿದೆ. ಒಂದು ದಿನ ಅವನನ್ನು ಕರೆದುಕೊಂಡು ಹೋಗಿ ತೋರಿಸಿ, ತಂದೆಯವರೂ ಜೊತೆಗೆ ಬರಲಿ. 18 ವರ್ಷ ತುಂಬಿ ಸ್ವಂತ ಕೆಲಸ ಹಿಡಿದ ಮೇಲೆ, 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಸೇರಿರುವ 18 ಕಸುಬುಗಳಲ್ಲಿ ಮರಗೆಲಸವೂ ಒಂದಾದ್ದರಿಂದ, ಸಲಕರಣೆಗೆ 15,000 ರೂಪಾಯಿಯವರೆಗಿನ ನೆರವು ಮತ್ತು ಮೊದಲ ಹಂತದಲ್ಲಿ ಒಂದು ಲಕ್ಷದವರೆಗಿನ ಸಾಲಕ್ಕೆ ಅರ್ಜಿ ಹಾಕಬಹುದು.

‘ಓದಿನಲ್ಲಿ ಹಿಂದೆ’ ಎಂಬ ಮಾತನ್ನು ಮಾತ್ರ ಅವನ ಎದುರು ಆಡಬೇಡಿರಮ್ಮ. ಗಣಿತದಲ್ಲಿ ಪಾಸಾಗದ ಹುಡುಗನೊಬ್ಬ ನನ್ನ ಕೋಣೆಯಲ್ಲಿ ದಾರಂದದ ಮೂಲೆ ನೇರವಾಗಿದೆಯೇ ಎಂದು ನೋಡಲು, ಒಂದು ಬದಿಯಲ್ಲಿ 3 ಅಡಿ, ಇನ್ನೊಂದರಲ್ಲಿ 4 ಅಡಿ ಗುರುತು ಹಾಕಿ, ನಡುವಿನ ಓರೆ ಅಳತೆ 5 ಅಡಿ ಬರುವವರೆಗೆ ತಟ್ಟಿ ತಟ್ಟಿ ಕೂರಿಸುತ್ತಿದ್ದ. ಪೈಥಾಗೊರಸನ ಪ್ರಮೇಯವನ್ನು ಅವನು ಕರಿಹಲಗೆಯ ಮೇಲೆ ಬರೆಯಲಾರದೆ ನಿಂತದ್ದನ್ನೂ ನಾನು ನೋಡಿದ್ದೆ. ಅವನಿಗೆ ಆ ಎರಡೂ ಒಂದೇ ಎಂದು ತಿಳಿಸಿದ ದಿನ ಅವನ ಮುಖ ಹೇಗಾಯಿತೆಂಬುದನ್ನು ನಾನು ಇಂದಿಗೂ ಮರೆತಿಲ್ಲ. ಮರಗೆಲಸಕ್ಕೆ ಮಗನನ್ನು ಕಳುಹಿಸುವುದಾದರೆ, ಬೇರೇನೂ ಆಗದು ಎಂದು ಕಳುಹಿಸಬೇಡಿ. ಇದು ಅವನಿಗೆ ಒಗ್ಗುತ್ತದೆ ಎಂದು ಕಳುಹಿಸಿ.

ಪ್ರಶ್ನೆ: ಪ್ರತಿ ಮಳೆಗಾಲದಲ್ಲಿ ನಮ್ಮ ಮನೆಯ ಮುಂಬಾಗಿಲು ದಾರಂದಕ್ಕೆ ಕಚ್ಚಿಕೊಳ್ಳುತ್ತದೆ. ಕಳೆದ ವರ್ಷ ಕೀಸಿಸಿದೆವು, ಬೇಸಿಗೆಯಲ್ಲಿ ಸಂದು ಬಿದ್ದು ಇರುವೆ ಸಾಲು ಒಳಗೆ ಬಂತು. ಪರಿಹಾರವೇನು? (ಗೃಹಸ್ಥರು, ಮಲ್ಪೆ)

ಉತ್ತರ: ಮರವು ಗಾಳಿಯ ತೇವವನ್ನು ಹೀರಿ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಉದ್ದಕ್ಕೆ ಈ ವ್ಯತ್ಯಾಸ ಇಲ್ಲವೆಂದೇ ಹೇಳಬೇಕು. ಇರುವುದೆಲ್ಲ ಅಗಲಕ್ಕೆ, ಅದರಲ್ಲಿಯೂ ವಾರ್ಷಿಕ ಉಂಗುರದ ಸುತ್ತಿನ ದಿಕ್ಕಿನಲ್ಲಿ ಆಗುವ ಹಿಗ್ಗು ತಿರುಳಿನಿಂದ ತೊಗಟೆಯ ಕಡೆಗೆ ಆಗುವುದರ ಸುಮಾರು ಎರಡು ಪಟ್ಟು. ಹಾಗಾಗಿ ಜುಲೈಯಲ್ಲಿ ಬಾಗಿಲು ಬಿಗಿಯಾಯಿತೆಂದು ಕೀಸಿದರೆ ಫೆಬ್ರವರಿಯಲ್ಲಿ ಸಂದು ಬೀಳುವುದು ಸಹಜ.

ಮೊದಲು ತಿರುಗಣೆಗಳನ್ನು (ಹಿಂಜ್) ನೋಡಿ. ಎಷ್ಟೋ ಬಾಗಿಲುಗಳು ಹಿಗ್ಗಿರುವುದಿಲ್ಲ, ಮೇಲಿನ ತಿರುಗಣೆಯ ಸ್ಕ್ರೂ ಸಡಿಲವಾಗಿ ಜೋತುಬಿದ್ದಿರುತ್ತವೆ. ಸ್ಕ್ರೂವಿನ ತೂತಿಗೆ ಒಣ ಮರದ ಕಡ್ಡಿಯನ್ನು ಅಂಟು ಹಚ್ಚಿ ಬಡಿದು, ಮರುದಿನ ಅದೇ ಸ್ಕ್ರೂವನ್ನು ಬಿಗಿದರೆ ಬಾಗಿಲು ಎದ್ದು ನಿಲ್ಲುತ್ತದೆ. ಅದಲ್ಲವಾದರೆ ಈ ಮಳೆಗಾಲಕ್ಕೆ ಕಚ್ಚುವ ಅಂಚಿಗೆ ಮೇಣದಬತ್ತಿ ಉಜ್ಜಿ ಸುಧಾರಿಸಿಕೊಳ್ಳಿ. ಬೇಸಿಗೆಯಲ್ಲಿ, ಮರ ಚೆನ್ನಾಗಿ ಒಣಗಿರುವಾಗ, ಬಾಗಿಲನ್ನು ಕಳಚಿ ಅದರ ತಲೆ ಮತ್ತು ಬುಡದ ಅಂಚುಗಳನ್ನು ನೋಡಿ. ಅಲ್ಲಿಗೆ ಬಣ್ಣವೋ ವಾರ್ನಿಷೋ ಹಚ್ಚದೆ ಬಿಟ್ಟಿರುವುದು ನಿಮಗೆ ಕಾಣಸಿಗುತ್ತದೆ ಎಂದು ನನ್ನ ಊಹೆ, ಏಕೆಂದರೆ ನಾನು ಕಳಚಿದ ಹತ್ತರಲ್ಲಿ ಎಂಟು ಬಾಗಿಲುಗಳು ಹಾಗಿದ್ದವು. ಮರ ತೇವ ಕುಡಿಯುವುದು ಎಳೆ ಕಡಿದ ಆ ತುದಿಗಳಿಂದಲೇ. ಆರೂ ಮುಖಗಳಿಗೆ ಎರಡು ಕೈ ಹಚ್ಚಿ ಮತ್ತೆ ಕೂರಿಸಿ.

ಪ್ರಶ್ನೆ: ತೋಟದ ಹಲಸಿನ ಮರವೊಂದು ಗಾಳಿಗೆ ಬಿದ್ದಿದೆ. ಮಿಲ್ಲಿನವರು ಹೇಳುವ ಸಿಎಫ್‌ಟಿ ಲೆಕ್ಕ ತಿಳಿಯುವುದಿಲ್ಲ. (ಕೃಷಿಕರು, ಹೆಬ್ರಿ)

ಉತ್ತರ: ಸಿಎಫ್‌ಟಿ ಎಂದರೆ ಘನ ಅಡಿ. ದಿಮ್ಮಿಯ ನಡುಮಧ್ಯದ ಸುತ್ತಳತೆಯನ್ನು ಅಂಗುಲದಲ್ಲಿ ಹಿಡಿದು ನಾಲ್ಕರಿಂದ ಭಾಗಿಸಿ. ಬಂದ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಅಡಿಯಲ್ಲಿರುವ ಉದ್ದದಿಂದ ಮತ್ತೆ ಗುಣಿಸಿ, 144ರಿಂದ ಭಾಗಿಸಿ. ಸುತ್ತಳತೆ 48 ಅಂಗುಲ, ಉದ್ದ 10 ಅಡಿ ಇದ್ದರೆ 10 ಘನ ಅಡಿ. ಈ ಪದ್ಧತಿ ದಿಮ್ಮಿಯ ನಿಜವಾದ ಗಾತ್ರದ ಸುಮಾರು 78 ಶೇಕಡಾವನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತದೆ, ಉಳಿದದ್ದು ಚೌಕ ಮಾಡುವಾಗ ಹೋಗುವ ಬದಿಗಳಿಗೆ ಬಿಟ್ಟದ್ದು. ಹಾಗಾಗಿ ಅದರ ಮೇಲೆ ಮತ್ತೆ ಕಡಿತ ಮಾಡಿದರೆ ಕಾರಣ ಕೇಳಿ. ಸೀಳಿದ ಹಲಗೆಗೆ ಅಡಿಯ ಉದ್ದ, ಅಂಗುಲದ ಅಗಲ, ಅಂಗುಲದ ದಪ್ಪ ಗುಣಿಸಿ 144ರಿಂದ ಭಾಗಿಸಿದರಾಯಿತು. ಸಾಗಿಸುವ ಮೊದಲು ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ. ಸಾಧ್ಯವಾದರೆ ಎಲ್ಲವನ್ನೂ ಮಾರಬೇಡಿ: ಒಂದು ಅಂಗುಲದ ನಾಲ್ಕು ಹಲಗೆಗಳನ್ನು ನಡುವೆ ರೀಪು ತುಂಡುಗಳನ್ನಿಟ್ಟು ಗಾಳಿಯಾಡುವ ನೆರಳಲ್ಲಿ ಒಂದು ವರ್ಷ ಪೇರಿಸಿಡಿ. ಚೆಂಡೆ, ಮದ್ದಳೆಗಳ ಗೂಡು ಮಾಡುವುದು ಇದೇ ಹಲಸಿನಿಂದ. ಹಳದಿಯಾಗಿ ಬಂದ ಹಲಗೆ ವರ್ಷ ಕಳೆದಂತೆ ಜೇನಿನ ಬಣ್ಣಕ್ಕೆ, ಆಮೇಲೆ ಕಂದಿಗೆ ತಿರುಗುವುದನ್ನು ನೋಡುವುದೇ ಒಂದು ಸುಖ.

ಪ್ರಶ್ನೆ: ನನಗೆ 22 ವರ್ಷ, ಪದವಿ ಮುಗಿಸಿದ್ದೇನೆ, ಮರಗೆಲಸ ಕಲಿಯುವ ಆಸೆ. ನಮ್ಮದು ಆಚಾರ್ಯರ ಮನೆತನವಲ್ಲ. ‘ಕುಲಕಸುಬಲ್ಲ, ಮೇಲಾಗಿ ಹುಡುಗಿ’ ಎಂದು ಎಲ್ಲರೂ ತಡೆಯುತ್ತಾರೆ. ತಮ್ಮ ಅಭಿಪ್ರಾಯವೇನು ಸರ್? (ಓದುಗರು, ಮೂಲ್ಕಿ)

ಉತ್ತರ: ಮಗಳೇ, ನಾನೂ ಆ ಮನೆತನದವನಲ್ಲ. ನನ್ನ ತಂದೆ ಹಂಚಿನ ಕಾರ್ಖಾನೆಯ ಕೆಲಸಗಾರರಾಗಿದ್ದರು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಆರಂಭಿಸಿದ ಹಂಚಿನ ಉದ್ಯಮ ನೇತ್ರಾವತಿ, ಗುರುಪುರ ನದಿಗಳ ಉದ್ದಕ್ಕೂ ಹಬ್ಬಿ, ನಮ್ಮಂಥ ಎಷ್ಟೋ ಕುಟುಂಬಗಳಿಗೆ ಅನ್ನ ಕೊಟ್ಟಿತ್ತು. ಹದಿನೈದನೆಯ ವಯಸ್ಸಿನಲ್ಲಿ ನಾನು ಒಬ್ಬ ಆಚಾರ್ಯರ ಕೊಟ್ಟಿಗೆಯ ಬಾಗಿಲಲ್ಲಿ ನಿಂತಾಗ ಅವರು ಜಾತಿ ಕೇಳಲಿಲ್ಲ, ಗುಡಿಸಲು ಹೇಳಿದರು. ಆರು ತಿಂಗಳು ಗುಡಿಸಿದೆ. ಯಾವ ಸುರುಳಿ ಯಾವ ಮರದ್ದೆಂದು ವಾಸನೆಯಿಂದಲೇ ಹೇಳಬಲ್ಲವನಾದ ಮೇಲೆ ಮರವನ್ನು ನಯಗೊಳಿಸುವ ಕೀಸುಳಿ ಕೈಗೆ ಬಂತು.

ಈ ವಿದ್ಯೆಯನ್ನು ತಲೆಮಾರುಗಳಿಂದ ಹೊತ್ತು ತಂದವರು ವಿಶ್ವಕರ್ಮರು, ಆ ಋಣವನ್ನು ಎಂದಿಗೂ ಮರೆಯಬಾರದು. ಅವರಲ್ಲಿಗೇ ಹೋಗಿ, ಅವರಿಂದಲೇ ಕಲಿಯಿರಿ. ಅದರ ಜೊತೆಗೆ ಮೂಡುಬಿದಿರೆಯ ಚೌಟರ ಅರಮನೆಯ ಮರದ ಕಂಬಗಳನ್ನು ನೋಡಿ ಬನ್ನಿ, ಒಂಬತ್ತು ಸ್ತ್ರೀಯರ ಮೈಗಳೇ ಆನೆಯಾಗಿ ಕೂಡಿಕೊಂಡ ನವನಾರೀಕುಂಜರವೂ ಐವರು ಕುದುರೆಯಾದ ಪಂಚನಾರೀತುರಗವೂ ಅಲ್ಲಿವೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ ಪಾರಂಪರಿಕ ಗ್ರಾಮಕ್ಕೂ ಹೋಗಿ. ಬೇರೆ ಬೇರೆ ಊರುಗಳಲ್ಲಿ ಕೆಡವಲು ಹೊರಟಿದ್ದ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದ್ದಾರೆ. ಬಿಚ್ಚಿ ಜೋಡಿಸಲು ಸಾಧ್ಯವಾದದ್ದು ಒಂದು ತುಂಡಿನ ನಾಲಗೆ ಇನ್ನೊಂದರ ಕುಳಿಯಲ್ಲಿ ಕೂತು ಮರದ ಬೆಣೆಯಿಂದ ಬಿಗಿಯಾಗುವ ಆ ಜೋಡಣೆಗಳಿಂದ. ಕಂಬ ತೊಲೆ ಸೇರುವ ಮೂಲೆಗಳ ಕೆಳಗೆ ನಿಂತು ಕತ್ತೆತ್ತಿ ನೋಡಿ, ಒಂದು ಪುಸ್ತಕದಲ್ಲಿ ಚಿತ್ರ ಬರೆದುಕೊಳ್ಳಿ.

ಹುಡುಗಿ ಎಂಬುದಕ್ಕೆ ಉತ್ತರ ಇನ್ನೂ ಸರಳ. ಕೀಸುಳಿಯನ್ನು ತಳ್ಳುವುದು ತೋಳಿನ ಬಲವಲ್ಲ, ಕಾಲೂರಿ ನಿಂತ ಮೈಯ ತೂಕ. ಆದರೆ ಶೆಡ್ಡುಗಳಲ್ಲಿರುವ ಬೆಂಚುಗಳು ಗಂಡಸರ ಎತ್ತರಕ್ಕೆ ಮಾಡಿದವು. ಕೈಬಿಟ್ಟು ನೇರ ನಿಂತಾಗ ನಿಮ್ಮ ಮಣಿಕಟ್ಟು ಎಲ್ಲಿ ಬರುತ್ತದೆಯೋ ಅಷ್ಟೇ ಎತ್ತರದ ಬೆಂಚನ್ನು ನಿಮ್ಮ ಮೊದಲ ಕೆಲಸವಾಗಿ ಮಾಡಿಕೊಳ್ಳಿ. ಅಳತೆ ತಿಳಿಸಿದರೆ ನಕ್ಷೆಯನ್ನು ನಾನೇ ಬರೆದು ಪತ್ರಿಕೆಯ ವಿಳಾಸದ ಮೂಲಕ ಕಳುಹಿಸುತ್ತೇನೆ.

ಪ್ರಶ್ನೆ: ನಾನು ಏಳನೆಯ ತರಗತಿ. ಅಜ್ಜನ ಜೊತೆ ಸೇರಿ ಸ್ಟೂಲು ಮಾಡಿದೆ. ಅದು ಅಲುಗಾಡುತ್ತದೆ. ಒಂದು ಕಾಲು ಕತ್ತರಿಸಿದೆ, ಈಗ ಬೇರೆ ಕಡೆಗೆ ಅಲುಗಾಡುತ್ತದೆ. ಏನು ಮಾಡಲಿ ಸರ್? (ವಿದ್ಯಾರ್ಥಿ, ಕಾಪು)

ಉತ್ತರ: ಇನ್ನು ಯಾವ ಕಾಲನ್ನೂ ಅಂದಾಜಿನಲ್ಲಿ ಕತ್ತರಿಸಬೇಡ ಮಗು. ಮೊದಲು ಸ್ಟೂಲನ್ನು ಬೇರೆ ಎರಡು ಜಾಗಗಳಲ್ಲಿಟ್ಟು ನೋಡು, ನೆಲವೇ ಏರುಪೇರಾಗಿರಬಹುದು. ಅಲ್ಲವಾದರೆ ಸಮತಟ್ಟಾದ ನೆಲ ಹುಡುಕಿ, ಗಿಡ್ಡ ಕಾಲುಗಳ ಅಡಿಗೆ ತೆಳುವಾದ ಮರದ ಬೆಣೆಗಳನ್ನು ತೂರಿಸುತ್ತ, ಸ್ಟೂಲಿನ ಮೇಲಿಟ್ಟ ನೀರಿನ ತಟ್ಟೆಯಲ್ಲಿ ನೀರು ಎಲ್ಲ ಅಂಚಿಗೂ ಸಮನಾಗಿ ನಿಲ್ಲುವಂತೆ ಮಾಡು. ಅತಿ ಗಿಡ್ಡ ಕಾಲಿನ ಅಡಿಯಲ್ಲಿರುವ ಸಂದಿಗಿಂತ ಸ್ವಲ್ಪ ದಪ್ಪಗಿನ ಒಂದು ಮರದ ತುಂಡನ್ನು ನೆಲದ ಮೇಲಿಟ್ಟು, ಅದರ ಮೇಲೆ ಪೆನ್ಸಿಲನ್ನು ಮಲಗಿಸಿ ಹಿಡಿದು, ನಾಲ್ಕೂ ಕಾಲುಗಳ ಸುತ್ತ ಒಂದೇ ಎತ್ತರದಲ್ಲಿ ಗೆರೆ ಎಳೆ. ಗರಗಸ ಗೆರೆಯ ಹೊರಗೆ ಓಡಲಿ, ಗೆರೆ ಕಾಲಿನಲ್ಲೇ ಉಳಿಯಲಿ. ಕತ್ತರಿಸುವಾಗ ಸ್ಟೂಲನ್ನು ಅಜ್ಜ ಒತ್ತಿ ಹಿಡಿದುಕೊಳ್ಳಲಿ, ಗರಗಸವನ್ನು ನೀನೇ ಹಿಡಿ.